ಅಂಚೆ ಕಚೇರಿ ಪ್ರಿಂಟ್ ಆಯ್ತು, ನಮ್ಮನೆ ಯಾವಾಗ?

"ಆ ಗೋಡೆ ನೋಡಿದ್ರೆ ಯಾರೋ ಚಕ್ಕುಲಿ ಒರಳಲ್ಲಿ ಒತ್ತಿದ ಹಾಗಿದೆ ಕಣೇ. ಒಂದರ ಮೇಲೊಂದು ಗೆರೆ ಗೆರೆ. ನಮ್ಮನೇನೂ ಹಂಗೇ ಪ್ರಿಂಟ್ ಮಾಡಿಸಿಬಿಟ್ರೆ ಏನು?"

ಕೇಂಬ್ರಿಡ್ಜ್ ಲೇಔಟಿನ ಅಂಚೆ ಕಚೇರಿಗೆ ಹೋಗಿಬಂದ ಅಮ್ಮ ಪಾಸ್‌ಬುಕ್ಕನ್ನು ಬೀರುವಿಗೆ ಸೇರಿಸುವ ಮುಂಚೆಯೇ ಕೇಳಿದ ಪ್ರಶ್ನೆ ಇದು. ನಾನು ನಕ್ಕುಬಿಟ್ಟೆ. ಆದರೆ ಅಪ್ಪ ನಗಲಿಲ್ಲ. ಯಾಕೆಂದರೆ ಹಲಸೂರಿನ ನಮ್ಮ ಮನೆ ಕೆಡವಿ ಹೊಸದು ಕಟ್ಟಿಸುವ ಮಾತು ಮೂರು ತಿಂಗಳಿಂದ ದಿನಾ ರಾತ್ರಿ ಊಟದ ಹೊತ್ತಿಗೆ ನಡೀತಾನೇ ಇತ್ತು. ಕಂಟ್ರಾಕ್ಟರ್ ಒಬ್ಬರು ಎಸ್ಟಿಮೇಟ್ ಕೂಡ ಕೊಟ್ಟುಹೋಗಿದ್ದರು. ನಾನು ಕಂಪ್ಯೂಟರ್ ಸೈನ್ಸ್ ಓದಿದವಳು, ಸಿವಿಲ್ ಅಲ್ಲ. ಆದರೆ ಮನೆಯಲ್ಲಿ "ಇಂಜಿನಿಯರ್" ಅಂತ ಇರೋದು ನಾನೊಬ್ಬಳೇ. ಹಾಗಾಗಿ ಅಮ್ಮನ ಪ್ರಶ್ನೆಗೆ ಉತ್ತರ ಹುಡುಕುವ ಜವಾಬ್ದಾರಿ ನನ್ನ ತಲೆಗೇ ಬಂತು.

ಮೊದಲು ಆ ಅಂಚೆ ಕಚೇರಿಯ ಕಥೆ. 2023ರ ಆಗಸ್ಟ್ 18ರಂದು ಆಗಿನ ಸಂಪರ್ಕ ಸಚಿವ ಅಶ್ವಿನಿ ವೈಷ್ಣವ್ ಅದನ್ನು ಉದ್ಘಾಟಿಸಿದರು. ದೇಶದಲ್ಲೇ ಮೊದಲ 3ಡಿ ಮುದ್ರಿತ ಅಂಚೆ ಕಚೇರಿ. ವಿಸ್ತೀರ್ಣ 1,021 ಚದರ ಅಡಿ, ಅಂದರೆ ನಮ್ಮ ಬೆಂಗಳೂರಿನ ಲೆಕ್ಕದಲ್ಲಿ ಹತ್ತು ಚದರದ ಮನೆ. ಕಟ್ಟಿದ್ದು ಎಲ್ ಆಂಡ್ ಟಿ, ತಾಂತ್ರಿಕ ಮಾರ್ಗದರ್ಶನ ಐಐಟಿ ಮದ್ರಾಸಿನದು. ಮಾರ್ಚ್ 21ಕ್ಕೆ ಶುರುವಾದ ಕೆಲಸ ಮೇ 3ಕ್ಕೆ ಮುಗಿಯಿತು. ಬರೋಬ್ಬರಿ 43 ದಿನ. ಇಷ್ಟೇ ದೊಡ್ಡ ಕಟ್ಟಡಕ್ಕೆ ಸಾಮಾನ್ಯವಾಗಿ ಆರರಿಂದ ಎಂಟು ತಿಂಗಳು ಹಿಡಿಯುತ್ತದೆ. ಖರ್ಚು ಸುಮಾರು 23 ಲಕ್ಷ ರೂಪಾಯಿ ಎಂದು ಪತ್ರಿಕೆಗಳಲ್ಲಿ ಬಂದಿತ್ತು.

ಕೆಲಸ ಮಾಡುವ ರೀತಿ ಅಮ್ಮ ಹೇಳಿದ ಚಕ್ಕುಲಿ ಒರಳಿಗಿಂತ ಬಹಳ ಬೇರೆಯೇನಲ್ಲ. ಕಂಪ್ಯೂಟರಿನಲ್ಲಿರುವ ನಕ್ಷೆಯ ಪ್ರಕಾರ ಒಂದು ಯಂತ್ರದ ತೋಳು ಓಡಾಡುತ್ತದೆ, ಅದರ ಬಾಯಿಂದ ಬೇಗ ಗಟ್ಟಿಯಾಗುವ ಕಾಂಕ್ರೀಟ್ ಹಿಟ್ಟು ಪದರ ಪದರವಾಗಿ ಬೀಳುತ್ತದೆ. ಹಿಟ್ಟಿನ ಹದ ಇಲ್ಲೂ ಮುಖ್ಯ. ತೆಳುವಾದರೆ ಕೆಳಗಿನ ಪದರ ಮೇಲಿನದರ ಭಾರಕ್ಕೆ ಕುಸಿಯುತ್ತದೆ, ಗಟ್ಟಿಯಾದರೆ ಪೈಪಿನಲ್ಲೇ ಕಟ್ಟಿಕೊಳ್ಳುತ್ತದೆ. ಸೆಂಟ್ರಿಂಗ್ ಹಲಗೆ ಬೇಡ, ಗೋಡೆ ಬಾಗಿದ್ದರೂ ಹೆಚ್ಚಿನ ಖರ್ಚಿಲ್ಲ. ಇದಕ್ಕೂ ಎರಡು ವರ್ಷ ಮೊದಲು, 2021ರ ಏಪ್ರಿಲ್‌ನಲ್ಲಿ, ಐಐಟಿ ಮದ್ರಾಸ್ ಆವರಣದಲ್ಲಿ ಅಲ್ಲಿನದೇ ಹಳೆಯ ವಿದ್ಯಾರ್ಥಿಗಳ ಕಂಪನಿ ತ್ವಸ್ತ 600 ಚದರ ಅಡಿಯ ಒಂದು ಮನೆಯನ್ನು ಹೀಗೇ ಮುದ್ರಿಸಿತ್ತು.

ಎಲ್ಲ ಸರಿ. ಆದರೆ ಈ ಕಟ್ಟಡಗಳ ಬಗ್ಗೆ ಬರುವ ಬರಹಗಳಲ್ಲಿ "ಪರಿಸರಸ್ನೇಹಿ" ಎನ್ನುವ ಮಾತು ಎಲ್ಲಿಂದಲೋ ಬಂದು ಸೇರಿಕೊಳ್ಳುತ್ತದೆ. ನನಗೆ ತಲೆ ಕೆಟ್ಟಿದ್ದು ಅಲ್ಲಿ. ಬೇಗ ಕಟ್ಟಿದ್ದು ಬೇರೆ, ಕಡಿಮೆ ಹೊಗೆಯಲ್ಲಿ ಕಟ್ಟಿದ್ದು ಬೇರೆ. ಎರಡನ್ನೂ ಒಂದೇ ತಟ್ಟೆಗೆ ಬಡಿಸಿದರೆ ಹೇಗೆ?

ತಾತನ ಮನೆ, ಅಪ್ಪನ ಪ್ಲಾನ್

ನಮ್ಮ ಮನೆ 1958ರಲ್ಲಿ ತಾತ ಕಟ್ಟಿಸಿದ್ದು. ಹತ್ತು ಚದರಕ್ಕೆ ಸ್ವಲ್ಪ ಕಮ್ಮಿ. ಸೈಜುಗಲ್ಲಿನ ಪಾಯ, ಅದರ ಮೇಲೆ ಮಾಲೂರಿನ ಇಟ್ಟಿಗೆಯ ದಪ್ಪ ಗೋಡೆ, ಸುಣ್ಣದ ಗಾರೆ. ಮೇಲೆ ಮದ್ರಾಸ್ ತಾರಸಿ: ಸಾಲಾಗಿ ಮರದ ತೊಲೆ, ತೊಲೆಗಳ ಮೇಲೆ ತೆಳು ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಜೋಡಿಸಿ, ಮೇಲೆ ಸುಣ್ಣ ಮತ್ತು ಇಟ್ಟಿಗೆ ಜಲ್ಲಿ ಹಾಕಿ ಬಡಿದದ್ದು. ಕಂಟೋನ್ಮೆಂಟಿನ ಹಳೇ ಬಂಗಲೆಗಳಲ್ಲಿ, ಶಿವಾಜಿನಗರದ ಹಳೇ ಅಂಗಡಿ ಸಾಲುಗಳಲ್ಲಿ ಇನ್ನೂ ಇಂಥ ತಾರಸಿ ಕಾಣಸಿಗುತ್ತದೆ. ಆಗ ಸಿಮೆಂಟ್ ಬೇಕೆಂದರೆ ಪರ್ಮಿಟ್ಟಿಗಾಗಿ ಅಲೆಯಬೇಕಿತ್ತು. ಸರ್ಕಾರ ಸಿಮೆಂಟಿನ ಮೇಲಿನ ಹಿಡಿತವನ್ನು ಸ್ವಲ್ಪ ಸಡಿಲಿಸಿದ್ದೇ 1982ರಲ್ಲಿ, ಪೂರ್ತಿ ಬಿಟ್ಟಿದ್ದು 1989ರಲ್ಲಿ. ತಾತನಿಗೆ ಸುಣ್ಣದ ಮೇಲೆ ವಿಶೇಷ ಪ್ರೀತಿ ಏನೂ ಇರಲಿಲ್ಲ. ಸಿಮೆಂಟ್ ಸಿಕ್ಕಿರಲಿಲ್ಲ, ಅಷ್ಟೇ.

ಈಗ ಹಿಂದಿನ ಎರಡು ರೂಮಿನ ತೊಲೆಗಳಿಗೆ ಗೆದ್ದಲು ಹಿಡಿದಿದೆ. ಮಳೆಗಾಲದಲ್ಲಿ ಅಡುಗೆಮನೆ ಗೋಡೆ ಬೆವರುತ್ತದೆ. ಅಪ್ಪನಿಗೆ 66. ಅವರ ಪ್ಲಾನ್ ನೇರ: ಪೂರ್ತಿ ಕೆಡವೋದು, ಪಿಲ್ಲರ್ ಹಾಕಿ ಮೂರಂತಸ್ತು ಎತ್ತೋದು, ಕೆಳಗೆ ನಾವು, ಮೇಲೆರಡು ಬಾಡಿಗೆಗೆ. ಅಕ್ಕಪಕ್ಕದವರೆಲ್ಲ ಮಾಡಿರೋದೂ ಅದೇ. ನಮ್ಮ ಬೀದಿಯಲ್ಲಿ ಹಂಚಿನ ಮಾಡು, ತಾರಸಿ ಮನೆ ಅಂತ ಉಳಿದಿರೋದು ನಮ್ಮದು ಮತ್ತು ಎದುರು ಸಾಲಿನ ಇನ್ನೊಂದು. ಮಿಕ್ಕಿದ್ದೆಲ್ಲ ಬೆಂಕಿಪೊಟ್ಟಣ ನಿಲ್ಲಿಸಿದ ಹಾಗೆ.

ಕಂಟ್ರಾಕ್ಟರ್ ಕೊಟ್ಟ ಎಸ್ಟಿಮೇಟಿನಲ್ಲಿ ಸಿಮೆಂಟ್, ಕಂಬಿ, ಜಲ್ಲಿ, ಎಂ-ಸ್ಯಾಂಡ್, ಸಾಲಿಡ್ ಬ್ಲಾಕ್ ಎಲ್ಲದಕ್ಕೂ ರೂಪಾಯಿ ಲೆಕ್ಕ ಇತ್ತು. ಒಂದು ಭಾನುವಾರ ಕೂತು ನಾನು ಅದೇ ಶೀಟಿಗೆ ಇನ್ನೊಂದು ಕಾಲಂ ಸೇರಿಸಿದೆ. ರೂಪಾಯಿ ಬದಲು ಇಂಗಾಲ.

ಒಂದು ಚದರಕ್ಕೆ ಎರಡು ಟನ್

ಈ ಲೆಕ್ಕ ಹಾಕೋಕೆ ಸಿವಿಲ್ ಡಿಗ್ರಿ ಬೇಡ, ಪಿಯುಸಿ ಕೆಮಿಸ್ಟ್ರಿ ಸಾಕು. ಸಿಮೆಂಟಿನ ಮೂಲ ಸುಣ್ಣದಕಲ್ಲು. ನಮಗೆ ಬರೋದು ಹೆಚ್ಚಾಗಿ ಕಲಬುರಗಿ ಕಡೆಯಿಂದ, ವಾಡಿ, ಸೇಡಂ ಸುತ್ತಮುತ್ತಲಿಂದ. ಆ ಕಲ್ಲನ್ನು ಜೇಡಿಮಣ್ಣಿನ ಜೊತೆ ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಕ್ಲಿಂಕರ್ ಎಂಬ ಗಟ್ಟಿ ಉಂಡೆಗಳು ಸಿಗುತ್ತವೆ. ಅದನ್ನು ಜಿಪ್ಸಂ ಸೇರಿಸಿ ಅರೆದರೆ ಸಿಮೆಂಟ್. ಸುಡಲು ಬೇಕಾದ ಕಲ್ಲಿದ್ದಲಿನ ಹೊಗೆ ಒಂದು ಕಡೆ. ಅದಕ್ಕಿಂತ ಹೆಚ್ಚಿನದು ಕಲ್ಲಿನ ಒಳಗಿಂದಲೇ ಬರುತ್ತದೆ. 100 ಕೆ.ಜಿ. ಶುದ್ಧ ಸುಣ್ಣದಕಲ್ಲು ಸುಟ್ಟರೆ 56 ಕೆ.ಜಿ. ಸುಣ್ಣ, 44 ಕೆ.ಜಿ. ಇಂಗಾಲದ ಡೈಆಕ್ಸೈಡ್. ಒಲೆಗೆ ಸೋಲಾರ್ ಕೊಡಿ, ಗಾಳಿ ವಿದ್ಯುತ್ ಕೊಡಿ, ಆ 44 ಕೆ.ಜಿ. ಕಮ್ಮಿಯಾಗೋದಿಲ್ಲ. ಅದು ಆ ಕಲ್ಲಿನ ಹಣೆಬರಹ. ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡಿನಲ್ಲಿ ಸಿಮೆಂಟಿನ ಪಾಲು ಶೇಕಡ 7ರಿಂದ 8 ಆಗಿರುವುದು ಇದರಿಂದಲೇ.

ಈಗ ನಮ್ಮ ಮನೆ. ಪಿಲ್ಲರ್ ಹಾಕಿ ಕಟ್ಟುವ ಮನೆಗೆ ಮೇಸ್ತ್ರಿಗಳು ಬಾಯಿಲೆಕ್ಕದಲ್ಲಿ ಚದರಕ್ಕೆ ಸುಮಾರು 40 ಮೂಟೆ ಸಿಮೆಂಟ್, 400 ಕೆ.ಜಿ. ಕಂಬಿ ಅಂತಾರೆ. 40 ಮೂಟೆ ಅಂದರೆ 2 ಟನ್. ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟೇ ಎಂದುಕೊಂಡರೂ ಟನ್ನಿಗೆ ಅಂದಾಜು 600 ಕೆ.ಜಿ. ಇಂಗಾಲದ ಡೈಆಕ್ಸೈಡ್. ಹಾಗಾಗಿ ಸಿಮೆಂಟಿಂದ 1.2 ಟನ್. ಕಲ್ಲಿದ್ದಲು ಉರಿಸಿ ತಯಾರಾಗುವ ಉಕ್ಕಿಗೆ ಟನ್ನಿಗೆ ಸುಮಾರು ಎರಡೂವರೆ ಟನ್ ಹೊಗೆ. 400 ಕೆ.ಜಿ.ಗೆ 1 ಟನ್. ಬ್ಲಾಕ್, ಟೈಲ್ಸ್, ಪೇಂಟ್ ಎಲ್ಲ ಬಿಟ್ಟು, ಬರೀ ಇವೆರಡರಿಂದಲೇ ಚದರಕ್ಕೆ ಎರಡು ಟನ್ ಮೇಲೆ. ಅಪ್ಪನ ಮೂವತ್ತು ಚದರದ ಕಟ್ಟಡಕ್ಕೆ 60 ಟನ್ ದಾಟಿತು.

60 ಟನ್ ಅಂದರೆ ಎಷ್ಟು ಅಂತ ನನಗೂ ತಕ್ಷಣ ಅಂದಾಜಾಗಲಿಲ್ಲ. ಹಾಗಾಗಿ ಇನ್ನೊಂದು ಲೆಕ್ಕ ಹಾಕಿದೆ. ಹೊಸ ಮನೆಯ ಮೇಲೆ 3 ಕಿಲೋವಾಟ್ ಸೋಲಾರ್ ಹಾಕಿಸಬೇಕು ಅಂತ ನಾನೇ ಹಟ ಹಿಡಿದಿದ್ದೆ. ಬೆಂಗಳೂರಿನ ಬಿಸಿಲಿಗೆ ಅದು ವರ್ಷಕ್ಕೆ ಸುಮಾರು 4,000 ಯೂನಿಟ್ ಕೊಡುತ್ತದೆ. ಯೂನಿಟ್ಟಿಗೆ 700 ಗ್ರಾಂ ಹೊಗೆ ಉಳಿದರೆ ವರ್ಷಕ್ಕೆ 2.8 ಟನ್. ಮನೆ ಕಟ್ಟಿದ ಪಾಪ ತೊಳೆಯೋಕೇ ಸೋಲಾರಿಗೆ ಇಪ್ಪತ್ತು ವರ್ಷದ ಮೇಲೆ ಬೇಕು! ಎಲ್ಇಡಿ ಬಲ್ಬು, ಸೋಲಾರ್, ಫೈವ್ ಸ್ಟಾರ್ ಫ್ರಿಜ್ಜು ಅಂತ ನಾವು ಮಾತಾಡುವ ಉಳಿತಾಯವೆಲ್ಲ ಮನೆ ಕಟ್ಟಿದ ಮೇಲಿನದು. ಗೃಹಪ್ರವೇಶದ ದಿನ ಹಾಲು ಉಕ್ಕುವ ಹೊತ್ತಿಗಾಗಲೇ ದೊಡ್ಡ ಖರ್ಚು ಆಗಿಹೋಗಿರುತ್ತದೆ.

ಹಾಗಾದರೆ ಪ್ರಿಂಟ್ ಮಾಡಿದ್ರೆ?

ಅಮ್ಮನ ಪ್ರಶ್ನೆಗೆ ಇಲ್ಲಿ ಬರೋಣ. 3ಡಿ ಮುದ್ರಣದಲ್ಲಿ ಲಾಭ ಎಲ್ಲಿದೆ ಅಂದರೆ, ಬೇಕಾದ ಕಡೆ ಮಾತ್ರ ಕಾಂಕ್ರೀಟ್ ಬೀಳುತ್ತದೆ. ಗೋಡೆ ಒಳಗೆ ಟೊಳ್ಳಾಗಿರಬಹುದು. ಸೆಂಟ್ರಿಂಗ್ ಹಲಗೆ, ಒಡೆದು ಎಸೆಯುವ ಬ್ಲಾಕು, ಉಳಿದು ಒಣಗಿಹೋದ ಗಾರೆ, ಈ ವೇಸ್ಟು ಉಳಿಯುತ್ತದೆ. ಮಾಮೂಲಿ ಸೈಟಿನಲ್ಲಿ ಎಷ್ಟು ಮಾಲು ಮಣ್ಣುಪಾಲಾಗುತ್ತದೆ ಅಂತ ಮನೆ ಕಟ್ಟಿಸಿದವರಿಗೆ ಗೊತ್ತಿರುತ್ತದೆ.

ತೊಂದರೆ ಹಿಟ್ಟಿನಲ್ಲಿದೆ. ಆ ಸಣ್ಣ ಬಾಯಿಂದ ಹೊರಬರಬೇಕಾದರೆ ದೊಡ್ಡ ಜಲ್ಲಿ ಹಾಕುವಂತಿಲ್ಲ. ಜಲ್ಲಿ ಕಮ್ಮಿಯಾದಷ್ಟೂ ಅಂಟು ಹೆಚ್ಚು ಬೇಕು. ಮನೆ ಕಟ್ಟುವ ಮಾಮೂಲಿ ಕಾಂಕ್ರೀಟಿನಲ್ಲಿ ಒಂದು ಘನ ಮೀಟರಿಗೆ 300–350 ಕೆ.ಜಿ. ಸಿಮೆಂಟ್ ಇದ್ದರೆ, ಮುದ್ರಣದ ಮಿಶ್ರಣಗಳಲ್ಲಿ ಸಿಮೆಂಟ್ ಮತ್ತು ಅದರ ಜೊತೆಯ ಅಂಟುಪುಡಿ ಸೇರಿ 500 ಕೆ.ಜಿ. ಮೀರುವುದು ಸಾಮಾನ್ಯ. ಟೊಳ್ಳು ಗೋಡೆಯಲ್ಲಿ ಉಳಿಸಿದ್ದನ್ನು ಹಿಟ್ಟಿನಲ್ಲಿ ಕಳೆದ ಹಾಗೆ. ಅಲ್ಲದೆ ಯಂತ್ರ ಒತ್ತೋದು ಮುಖ್ಯವಾಗಿ ಗೋಡೆಯನ್ನು. ಮನೆಯಲ್ಲಿ ಸಿಮೆಂಟ್, ಕಂಬಿ ಎರಡೂ ಜೋರಾಗಿ ನುಂಗುವ ಜಾಗ ಮೋಲ್ಡು. ಗೋಡೆ ಮುದ್ರಿಸಿದರೂ ತಲೆ ಮೇಲಿನ ಮೋಲ್ಡಿನ ಲೆಕ್ಕ ಬಹಳ ಬದಲಾಗೋದಿಲ್ಲ. ಇನ್ನು ಹಲಸೂರಿನ ನಮ್ಮ ಗಲ್ಲಿಗೆ ಆಟೋ ಬರೋದೇ ಕಷ್ಟ. ಆ ಯಂತ್ರದ ಚೌಕಟ್ಟು ನಿಲ್ಲಿಸೋಕೆ ನಾಲ್ಕೂ ಕಡೆ ಜಾಗ ಬೇಕು.

ಹಾಗಂತ ಅಂಚೆ ಕಚೇರಿಯನ್ನು ಹಳಿಯೋಕೆ ನನಗಿಷ್ಟವಿಲ್ಲ. ಒಂದೇ ಥರದ ನೂರು ಕಟ್ಟಡ ಬೇಕಾದಾಗ, ಜನ ಸಿಗದ ಜಾಗದಲ್ಲಿ, ಬೇಗ ಮುಗಿಯಬೇಕಾದ ಕಡೆ ಇದು ಒಳ್ಳೇ ಉಪಾಯ. ಹಿಟ್ಟನ್ನೇ ಬದಲಿಸಿದರೆ ಇಂಗಾಲವೂ ಇಳಿಯುತ್ತದೆ. ಹಿಟ್ಟು ಬದಲಿಸುವ ಕೆಲಸವೂ ನಡೆದಿದೆ. ಎಲ್‌ಸಿ3 ಎನ್ನುವ ಸಿಮೆಂಟ್ ಅದರಲ್ಲಿ ದೊಡ್ಡ ಹೆಸರು. ಸ್ವಿಟ್ಜರ್ಲೆಂಡಿನ ಲೋಸಾನ್ನಿನಲ್ಲಿರುವ ತಾಂತ್ರಿಕ ವಿಶ್ವವಿದ್ಯಾಲಯದ ಕರೆನ್ ಸ್ಕ್ರಿವನರ್ ಅವರ ತಂಡದ ಜೊತೆ ನಮ್ಮ ದಿಲ್ಲಿ, ಮದ್ರಾಸ್ ಐಐಟಿಗಳು ಸೇರಿ ಬೆಳೆಸಿದ್ದು. ಕ್ಲಿಂಕರ್ ಅರ್ಧ ಮಾತ್ರ. ಮಿಕ್ಕಿದ್ದರಲ್ಲಿ ಸುಮಾರು 30 ಪಾಲು ಸುಟ್ಟ ಜೇಡಿ, 15 ಪಾಲು ಸುಡದೇ ಅರೆದ ಸುಣ್ಣದಕಲ್ಲು, 5 ಪಾಲು ಜಿಪ್ಸಂ. ಜೇಡಿಯನ್ನು 800 ಡಿಗ್ರಿ ಆಸುಪಾಸಿನಲ್ಲಿ ಸುಟ್ಟರೆ ಸಾಕು, ಅದರಿಂದ ಹೊರಬರೋದು ಬರೀ ನೀರಿನ ಆವಿ. ಮಾಮೂಲಿ ಸಿಮೆಂಟಿಗಿಂತ ಇಂಗಾಲ ಶೇಕಡ 30ರಿಂದ 40 ಕಮ್ಮಿ. 2023ರಲ್ಲಿ ಇದಕ್ಕೆ ಭಾರತೀಯ ಮಾನಕವೂ ಬಂತು, ಐಎಸ್ 18189. ಇಷ್ಟೆಲ್ಲ ಓದಿಕೊಂಡು ಹಲಸೂರಿನ ಹಾರ್ಡ್‌ವೇರ್ ಅಂಗಡಿಗೆ ಹೋಗಿ "ಎಲ್‌ಸಿ3 ಇದೆಯಾ" ಅಂದೆ. "ಅದು ಯಾವ ಕಂಪನಿ ಪೈಪು ಮೇಡಂ?" ಅಂದರು.

ಸದ್ಯಕ್ಕೆ ಅಂಗಡಿಯಲ್ಲಿ ಸಿಗೋದು ಎರಡು. ಒಂದು ಪಿಪಿಸಿ, ಅದರಲ್ಲಿ ಶೇಕಡ 35ರವರೆಗೂ ಹಾರುಬೂದಿ ಇರಬಹುದು. ಇನ್ನೊಂದು ಪಿಎಸ್‌ಸಿ, ಕಬ್ಬಿಣ ಕರಗಿಸುವ ಕುಲುಮೆಯ ಕಿಟ್ಟ ಅರೆದು ಬೆರೆಸಿದ್ದು. ಬಳ್ಳಾರಿ ಕಡೆ ತೋರಣಗಲ್ಲಿನಂಥ ಉಕ್ಕಿನ ಕಾರ್ಖಾನೆ ಇರುವ ರಾಜ್ಯ ನಮ್ಮದು, ಕಿಟ್ಟಕ್ಕೇನು ಬರವಿಲ್ಲ. ಪಿಎಸ್‌ಸಿಯಲ್ಲಿ ಅದು ಶೇಕಡ 70ರವರೆಗೂ ಇರಲು ಮಾನಕ ಒಪ್ಪುತ್ತದೆ. ಇವೆರಡೂ ಗಟ್ಟಿಯಾಗೋದು ಸ್ವಲ್ಪ ನಿಧಾನ, ಹಾಗಾಗಿ ನೀರು ಜಾಸ್ತಿ ದಿನ ಹೊಡೀಬೇಕು. ಬೇಗ ಸೆಂಟ್ರಿಂಗ್ ಬಿಚ್ಚಿ ಮುಂದಿನ ಸೈಟಿಗೆ ಓಡಬೇಕಾದ ಕಂಟ್ರಾಕ್ಟರಿಗೆ ಇದು ಹಿಡಿಸೋದಿಲ್ಲ. ನಮ್ಮ ಎಸ್ಟಿಮೇಟಿನಲ್ಲೂ ಮೋಲ್ಡಿಗೆ ಬೂದಿ ಬೆರೆಸದ ಓಪಿಸಿ ಅಂತಲೇ ಇತ್ತು.

ಟಾಟಾ ಇನ್‌ಸ್ಟಿಟ್ಯೂಟಿನ ಮಣ್ಣು

ಹುಡುಕುತ್ತಾ ಹುಡುಕುತ್ತಾ ನಾನು ಬಂದು ನಿಂತಿದ್ದು ಮನೆಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಲ್ಲಿರುವ ಐಐಎಸ್‌ಸಿಯಲ್ಲಿ. ತಾತ ಅದನ್ನು ಕೊನೇತನಕ ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕರೆಯುತ್ತಿದ್ದರು. 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಅಲ್ಲಿ 'ಅಸ್ತ್ರ' ಎಂಬ ಕೇಂದ್ರ ಶುರುವಾಯಿತು. ಹಳ್ಳಿಗಳಿಗೆ ಬೇಕಾದ ವಿಜ್ಞಾನ ಮಾಡೋದು ಅದರ ಕೆಲಸ. ಹೊಗೆಯಿಲ್ಲದ ಒಲೆ, ಗೋಬರ್ ಗ್ಯಾಸ್ ಅಂತ ಕೇಳಿದವರಿಗೆ ಹೆಸರು ನೆನಪಿರಬಹುದು. ಅಲ್ಲೇ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಅವರ ಜೊತೆಯವರು ಮಣ್ಣಿನ ಒತ್ತಿಟ್ಟಿಗೆಯ ಮೇಲೆ ದಶಕಗಟ್ಟಲೆ ಕೆಲಸ ಮಾಡಿದರು.

ವಿಷಯ ಸರಳ. ನಮ್ಮ ಕಡೆಯ ಕೆಂಪು ಮಣ್ಣಿಗೆ ಬೇಕಾದಷ್ಟು ಮರಳೋ ಕ್ವಾರಿ ಪುಡಿಯೋ ಬೆರೆಸಿ, ನೂರಕ್ಕೆ ಏಳೆಂಟು ಪಾಲು ಸಿಮೆಂಟ್ ಹಾಕಿ, ಸ್ವಲ್ಪವೇ ನೀರು ಚಿಮುಕಿಸಿ, ಕೈಯಿಂದ ಎಳೆಯುವ ಪ್ರೆಸ್ಸಿನಲ್ಲಿ ಒತ್ತೋದು. ಭಟ್ಟಿ ಇಲ್ಲ, ಸೌದೆ ಇಲ್ಲ. ಒತ್ತಿದ ಇಟ್ಟಿಗೆಗಳನ್ನು ಪೇರಿಸಿ, ಮೇಲೆ ಹುಲ್ಲೋ ಗೋಣಿಯೋ ಹೊದಿಸಿ, ಮೂರ್ನಾಲ್ಕು ವಾರ ನೀರುಣಿಸಿದರೆ ಮುಗೀತು. ಬೇಯಿಸಿದ ಇಟ್ಟಿಗೆಗೆ ಖರ್ಚಾಗುವ ಶಕ್ತಿಯಲ್ಲಿ ಇದಕ್ಕೆ ನಾಲ್ಕನೇ ಒಂದು ಭಾಗ ಸಾಕು ಅಂತ ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ 2003ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಲೆಕ್ಕ ಕೊಟ್ಟಿದ್ದಾರೆ.

ಆ ಲೇಖನದ ಇನ್ನೊಂದು ಲೆಕ್ಕ ನಾನು ಪ್ರಿಂಟ್ ತೆಗೆದು ನಮ್ಮ ಫ್ರಿಜ್ಜಿಗೆ ಅಂಟಿಸಿದೆ. ಬೆಂಗಳೂರಿನ ಕಟ್ಟಡಗಳನ್ನೇ ತೆಗೆದುಕೊಂಡು, ಒಂದು ಚದರ ಮೀಟರ್ ಕಟ್ಟಲು ಮಾಲಿನ ರೂಪದಲ್ಲಿ ಎಷ್ಟು ಶಕ್ತಿ ಬೇಕಾಯಿತು ಅಂತ ನೋಡಿದ್ದಾರೆ. ಪಿಲ್ಲರ್ ಮೇಲೆ ನಿಂತ ಬಹುಮಹಡಿ ಕಟ್ಟಡಕ್ಕೆ 4.21 ಗಿಗಾಜೌಲ್. ಇಟ್ಟಿಗೆ ಗೋಡೆಯೇ ಭಾರ ಹೊರುವ ಎರಡಂತಸ್ತಿನ ಮನೆಗೆ 2.92. ಗೋಡೆಗೆ ಮಣ್ಣಿನ ಒತ್ತಿಟ್ಟಿಗೆ, ಮೇಲೆ ಫಿಲ್ಲರ್ ಸ್ಲ್ಯಾಬ್ ಹಾಕಿದ ಎರಡಂತಸ್ತಿಗೆ 1.61. ಹೆಚ್ಚುಕಮ್ಮಿ ಅರ್ಧಕ್ಕರ್ಧ.

ಫಿಲ್ಲರ್ ಸ್ಲ್ಯಾಬ್ ಅಂದರೆ ಮೋಲ್ಡಿನಲ್ಲೇ ಜಾಣತನ. ಮೋಲ್ಡಿನ ಕೆಳ ಅರ್ಧದಲ್ಲಿ ಎಳೆತ ತಡೆಯೋದು ಕಂಬಿ, ಕಾಂಕ್ರೀಟ್ ಅಲ್ಲಿ ಬರೀ ಭಾರ. ಅಲ್ಲಿಂದ ಅಷ್ಟು ಕಾಂಕ್ರೀಟ್ ತೆಗೆದು ಹಳೇ ಮಂಗಳೂರು ಹೆಂಚನ್ನೋ ಮಣ್ಣಿನ ಇಟ್ಟಿಗೆಯನ್ನೋ ಕೂರಿಸಿದರೆ ತೂಕವೂ ಇಳಿಯಿತು, ಸಿಮೆಂಟೂ ಇಳಿಯಿತು. ಕೇರಳದಲ್ಲಿ ಲಾರಿ ಬೇಕರ್ ಇದನ್ನು ಮನೆಮನೆಗೆ ತಲುಪಿಸಿದರು. ಕೆಳಗಿಂದ ನೋಡಿದರೆ ಸೂರಿನಲ್ಲಿ ಹೆಂಚಿನ ಚಿತ್ತಾರ. ಪಿಒಪಿ ಸೀಲಿಂಗಿನ ದುಡ್ಡೂ ಉಳಿಯುತ್ತದೆ, ಆದರೆ ಇದು ನನ್ನ ರುಚಿ, ಅಮ್ಮನಿಗೆ ಇನ್ನೂ ಪಿಒಪಿ ಮೇಲೆ ಆಸೆ ಇದೆ.

ಇಷ್ಟು ಒಳ್ಳೇದಾದರೆ ಊರೆಲ್ಲ ಯಾಕೆ ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟುತ್ತಿಲ್ಲ? ನ್ಯಾಯವಾದ ಪ್ರಶ್ನೆ. ಕಪ್ಪು ಎರೆಮಣ್ಣಿನಲ್ಲಿ ಇದು ಸುಲಭಕ್ಕೆ ಆಗೋದಿಲ್ಲ. ಮಣ್ಣನ್ನು ಮೊದಲು ಪರೀಕ್ಷಿಸಬೇಕು. ಗೋಡೆಯ ದಪ್ಪ 190 ಮಿ.ಮೀ., ಸಾಲಿಡ್ ಬ್ಲಾಕಿನ ಆರಿಂಚಿಗಿಂತ ಒಂದೂವರೆ ಇಂಚು ಜಾಸ್ತಿ. 20–30ರ ಸೈಟಿನಲ್ಲಿ ಪ್ರತಿ ಇಂಚಿಗೂ ಬೆಲೆ ಇದೆ. ಪಿಲ್ಲರ್ ಇಲ್ಲದೆ ಗೋಡೆಯ ಮೇಲೇ ನಿಲ್ಲಿಸೋದಾದರೆ ನೆಲ ಅಂತಸ್ತು, ಅದರ ಮೇಲೊಂದು, ಅಷ್ಟಕ್ಕೆ ನಿಲ್ಲೋದು ಕ್ಷೇಮ. ಮಳೆ ನೇರ ಬಡಿಯುವ ಗೋಡೆಗೆ ಸಜ್ಜೆ ಚೆನ್ನಾಗಿ ಮುಂದೆ ಚಾಚಿರಬೇಕು. ಹೀಗೆ ಕಟ್ಟೋಕೆ ಬರುವ ಮೇಸ್ತ್ರಿ ಬೇಕು. ಕೊನೆಯದಾಗಿ, "ಮಣ್ಣಿನ ಮನೆ" ಅಂದ ಕೂಡಲೇ ನೆಂಟರ ಮುಖದಲ್ಲಿ ಮೂಡುವ ಆ ಕನಿಕರ.

ಆದರೂ ಒಂದು ಮಾತು ಹೇಳಲೇಬೇಕು. ಕೆ.ಆರ್. ಪುರಂ ಆಚೆ ನಮ್ಮ ದೊಡ್ಡಮ್ಮನ ಮಗ ಮನೆ ಕಟ್ಟಿಸಿದ. ಪಾರ್ಕಿಂಗಿಗೆ ನೆಲದ ಕೆಳಗೆ ಅಗೆಸಿದಾಗ ಬಂದ ಕೆಮ್ಮಣ್ಣು, ನೋಡಿದರೆ ಕುಂಕುಮದ ಹಾಗಿತ್ತು. ಅದನ್ನು ಲಾರಿ ಲೋಡಿಗೆ ಇಷ್ಟು ಅಂತ ಕೊಟ್ಟು ಎಲ್ಲೋ ಸುರಿಸಿದ. ಮಾರನೇ ವಾರ ಮತ್ತೆ ಲಾರಿ ಲೋಡಿಗೆ ಇಷ್ಟು ಅಂತ ಕೊಟ್ಟು ಬ್ಲಾಕ್ ತರಿಸಿದ. ಒಂದು ಲಾರಿ ಹೊರಗೆ, ಒಂದು ಲಾರಿ ಒಳಗೆ. ನಗರದ ಪೂರ್ವ ಭಾಗದಲ್ಲಿ ದಿನಾ ನಡೆಯೋದು ಇದೇ. ಸುರಿದ ಮಣ್ಣು ಯಾವ ಕೆರೆಯ ಅಂಗಳ ಸೇರುತ್ತದೆ ಅಂತ ಯಾರೂ ಕೇಳೋದಿಲ್ಲ.

"ನಿನ್ನ ಇಂಗಾಲ ಬಾಡಿಗೆ ಕೊಡುತ್ತಾ?"

ಇಷ್ಟೆಲ್ಲ ಒಂದು ಶೀಟಿನಲ್ಲಿ ಹಾಕಿ ಅಪ್ಪನ ಮುಂದಿಟ್ಟೆ. ಅಪ್ಪ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಆಮೇಲೆ ತಣ್ಣಗೆ, "ಎಲ್ಲ ಸರಿ ಕಣಮ್ಮ. ನಿನ್ನ ಇಂಗಾಲ ತಿಂಗಳಾ ಬಾಡಿಗೆ ಕೊಡುತ್ತಾ?" ಅಂದರು.

ಉತ್ತರ ಇರಲಿಲ್ಲ. ಪೆನ್ಷನ್ ಇಲ್ಲದ ಮನುಷ್ಯ. ಬಾಡಿಗೆ ಅವರಿಗೆ ದುರಾಸೆಯಲ್ಲ, ಧೈರ್ಯ. ಎರಡು ದಿನ ಮಾತು ಕಮ್ಮಿಯಾಯಿತು. ಮೂರನೇ ದಿನ ನಾನು ಇಂಗಾಲದ ಕಾಲಂ ಮುಚ್ಚಿಟ್ಟು ಬರೀ ರೂಪಾಯಿ ನೋಡಿದೆ. ಮೂರಂತಸ್ತಿಗೆ ಕೈಯಲ್ಲಿದ್ದ ದುಡ್ಡಲ್ಲದೆ 60 ಲಕ್ಷ ಸಾಲ ಬೇಕಿತ್ತು. ಶೇಕಡ 8.5ರ ಬಡ್ಡಿ, 20 ವರ್ಷ ಅಂದರೆ ತಿಂಗಳಿಗೆ 52 ಸಾವಿರ ಕಂತು. ಎರಡು ಮನೆಯಿಂದ ಬರುವ ಬಾಡಿಗೆ 50 ಸಾವಿರ. ಬಾಡಿಗೆ ಬಂದದ್ದು ಬಂದ ಹಾಗೇ ಬ್ಯಾಂಕಿಗೆ. ಬಾಡಿಗೆ ಏರಬಹುದು, ಮನೆ ಖಾಲಿ ಬೀಳಲೂಬಹುದು. ಸಾಲ ತೀರುವಾಗ ಅಪ್ಪನಿಗೆ 86. "ಅಂದ್ರೆ ನಾನು ಬ್ಯಾಂಕಿನವರ ಬಾಡಿಗೆ ವಸೂಲಿ ಮಾಡೋ ಕೆಲಸಕ್ಕೆ ಸೇರ್ಕೋತೀನಿ ಅಂತಾಯ್ತು" ಅಂದರು ಅಪ್ಪ. ನಕ್ಕರು ಕೂಡ.

ಆಗ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರನ್ನು ಕರೆಸಿದೆವು. ಅವರು ಮೂರು ಕಡೆ ಗುಂಡಿ ತೋಡಿಸಿ ಪಾಯ ನೋಡಿದರು, ಗೋಡೆಯ ಗಾರೆಯನ್ನು ಮೊಳೆಯಿಂದ ಕೆರೆದು ನೋಡಿದರು, ತೊಲೆಗಳನ್ನು ಒಂದೊಂದಾಗಿ ತಟ್ಟಿ ಕಿವಿಗೊಟ್ಟರು. ಪಾಯ ಗಟ್ಟಿ. ಗೋಡೆ ಗಟ್ಟಿ. ಮುಂದಿನ ಮೂರು ರೂಮಿನ ತಾರಸಿ ಇನ್ನೂ ಬಹಳ ವರ್ಷ ಬರುತ್ತದೆ. ಹಿಂದಿನ ಎರಡರ ತಾರಸಿ ತೆಗೀಲೇಬೇಕು. ಅಡುಗೆಮನೆ ಗೋಡೆ ಬೆವರೋದಕ್ಕೆ ಕಾರಣ ತಾತನ ಸುಣ್ಣವಲ್ಲ, ನಾವೇ ಹದಿನೈದು ವರ್ಷದ ಹಿಂದೆ ಅದರ ಮೇಲೆ ಮಾಡಿಸಿದ ಸಿಮೆಂಟ್ ಪ್ಲಾಸ್ಟರ್. ಸುಣ್ಣದ ಗೋಡೆ ಉಸಿರಾಡುತ್ತದೆ, ಒಳಗೆ ಹೋದ ತೇವ ಹೊರಗೆ ಬಿಡುತ್ತದೆ. ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಅದನ್ನು ಕೆತ್ತಿಸಿ ಮತ್ತೆ ಸುಣ್ಣದ ಗಾರೆ ಮಾಡಿಸಿ ಅಂದರು. ಸುಣ್ಣವನ್ನೂ ಸುಟ್ಟೇ ಮಾಡೋದು, ಅದರಿಂದಲೂ ಇಂಗಾಲ ಬರುತ್ತದೆ. ಆದರೆ ಸುಡೋಕೆ 900 ಡಿಗ್ರಿ ಸಾಕು, ಗೋಡೆಯಾದ ಮೇಲೆ ಗಾಳಿಯಿಂದ ಆ ಇಂಗಾಲದಲ್ಲಿ ಬಹುಪಾಲನ್ನು ನಿಧಾನಕ್ಕೆ ವಾಪಸ್ ಎಳೆದುಕೊಳ್ಳುತ್ತದೆ. ತಾತನ ಗೋಡೆ 1958ರಿಂದ ಅದನ್ನೇ ಮಾಡುತ್ತಿತ್ತು, ನಾವು ಮುಖಕ್ಕೆ ಮುಚ್ಚಳ ಹಾಕಿದ್ದೆವು.

ಕೊನೆಗೆ ಮನೆಯಲ್ಲಿ ಒಪ್ಪಿದ್ದು ಇಷ್ಟು. ಕೆಡವೋದಿಲ್ಲ. ಹಿಂದಿನ ಎರಡು ರೂಮಿಗೆ ಪಿಎಸ್‌ಸಿ ಸಿಮೆಂಟಿನಲ್ಲಿ ಹೆಂಚಿನ ಫಿಲ್ಲರ್ ಸ್ಲ್ಯಾಬ್. ಆ ರೂಮುಗಳ ಮೇಲೆ ಮಾತ್ರ, ಕೆಳಗಿನ ಗೋಡೆಗೆ ಸರಿಯಾಗಿ ಗೋಡೆ ಬರುವ ಹಾಗೆ, ಮಣ್ಣಿನ ಇಟ್ಟಿಗೆಯಲ್ಲಿ ನಾಲ್ಕು ಚದರದ ಒಂದು ಪುಟ್ಟ ಮನೆ. ಸುತ್ತಲೂ ಕಂಬಿ ಹಾಕಿದ ಒಂದು ಪಟ್ಟಿ. ಒಂದೇ ಬಾಡಿಗೆ, ಆದರೆ ಸಾಲವಿಲ್ಲ. ನನ್ನ ಶೀಟಿನಲ್ಲಿ ಸಿಮೆಂಟ್, ಕಂಬಿ ಸೇರಿ 60 ಟನ್ ಇದ್ದದ್ದು 6 ಟನ್ನಿಗೆ ಬಂತು. ಅದರಲ್ಲಿ ಮಣ್ಣಿನ ಇಟ್ಟಿಗೆಯದು, ಫಿಲ್ಲರ್ ಸ್ಲ್ಯಾಬಿನದು ಸಣ್ಣ ಪಾಲು. ಮುಕ್ಕಾಲಿಗಿಂತ ಹೆಚ್ಚು ಉಳಿದದ್ದು ಕೆಡವದೇ ಇದ್ದದ್ದರಿಂದ, ಬೇಡದ ಇಪ್ಪತ್ತು ಚದರ ಕಟ್ಟದೇ ಇದ್ದದ್ದರಿಂದ. ಹತ್ತಾರು ಲೋಡ್ ಡೆಬ್ರಿಸ್ ಕೂಡ ನಮ್ಮ ಬೀದಿ ದಾಟಿ ಹೋಗಲಿಲ್ಲ. ಇದನ್ನು ಯಾವ ಸಚಿವರೂ ಬಂದು ಉದ್ಘಾಟನೆ ಮಾಡೋದಿಲ್ಲ ಅಂತ ಗೊತ್ತು. ಅಮ್ಮನಿಗೆ ಆ ಬಗ್ಗೆ ಸ್ವಲ್ಪ ಬೇಜಾರೂ ಇದೆ.

ಎಸ್ಟಿಮೇಟ್ ಕೊಟ್ಟಿದ್ದ ಕಂಟ್ರಾಕ್ಟರ್ ಇದಕ್ಕೆ ಒಪ್ಪಲಿಲ್ಲ. "ಮಣ್ಣಿಗೆಲ್ಲ ನಾನು ಗ್ಯಾರಂಟಿ ಕೊಡಲ್ಲ ಸಾರ್" ಅಂತ ಫೋನ್ ಇಟ್ಟರು. ಇಂದಿರಾನಗರದಲ್ಲಿ ಕೆಲಸ ಮುಗಿಸಿದ್ದ ಒಬ್ಬ ಹಿರಿ ಮೇಸ್ತ್ರಿ ಸಿಕ್ಕಿದರು. ನಲವತ್ತು ವರ್ಷದ ಅನುಭವ, ಅರ್ಧ ಕನ್ನಡ ಅರ್ಧ ತಮಿಳು. ಅವರಿಗೂ ನಂಬಿಕೆ ಬರಲಿಲ್ಲ. "ನೀರು ಬಿದ್ರೆ ಕರಗ್ತದೆ ಮೇಡಂ, ಎಷ್ಟು ನೋಡಿಲ್ಲ ನಾನು" ಅಂದರು. ನಾನು ಸ್ಯಾಂಪಲ್ಲಿಗೆ ತಂದಿದ್ದ ಇಟ್ಟಿಗೆ ಜಗಲಿ ಮೇಲಿತ್ತು, ಎಂಟು ಕೆ.ಜಿ. ತೂಕದ್ದು. ಅದನ್ನು ಎತ್ತಿ ಅಮ್ಮನ ಬಟ್ಟೆ ನೆನೆಸುವ ಬಕೆಟ್ಟಿಗೆ ಹಾಕಿ, ತುಂಬ ನೀರು ಬಿಟ್ಟೆ. "ನಾಳೆ ಬನ್ನಿ" ಅಂದೆ. ನಿಜ ಹೇಳಬೇಕೆಂದರೆ ರಾತ್ರಿ ಎರಡು ಸಲ ಎದ್ದು ಹೋಗಿ ಬಕೆಟ್ಟಿನೊಳಗೆ ಟಾರ್ಚ್ ಬಿಟ್ಟು ನೋಡಿದೆ.

ಬೆಳಿಗ್ಗೆ ಏಳಕ್ಕೆಲ್ಲ ಮೇಸ್ತ್ರಿ ಬಂದರು. ಬಕೆಟ್ಟಿನ ನೀರು ಬಗ್ಗಿಸಿದರು, ತಳದಲ್ಲಿ ಚೂರು ಕೆಂಪು ಬಿಟ್ಟಿತ್ತು. ಇಟ್ಟಿಗೆಯನ್ನು ನೆಲದ ಮೇಲಿಟ್ಟು ಅಂಚನ್ನು ಉಗುರಿನಿಂದ ಕೆರೆದರು. ಚಪ್ಪಲಿ ಬಿಟ್ಟು ಅದರ ಮೇಲೆ ಒಂದು ಕಾಲಲ್ಲಿ ಹತ್ತಿ ನಿಂತರು. ಇಳಿದು ಮತ್ತೊಂದು ಸಲ ಹತ್ತಿದರು. ಆಮೇಲೆ ಅಪ್ಪನ ಕಡೆ ತಿರುಗಿ, "ಸಾರ್, ಇದು ಒಂದಕ್ಕೆ ಎಷ್ಟು ಬೀಳ್ತದೆ?" ಅಂತ ಕೇಳಿದರು.